ಕರಿಕೋಟಿನ ಮಾಸ್ತರರ ವ್ರತ

ಮಾಸ್ತರರ ಕೊರಳಿನಲ್ಲಿ ಸದಾ ಎರಡು ಮಾಲೆ. ಒಂದು ತುಳಸಿಮಣಿಯದು. ವರ್ಷಗಟ್ಟಲೆ ಬೆವರು ಕುಡಿದು ಅದು ಹುಣಸೆ ಬೀಜದ ಹಾಗೆ ಮಿರುಗುತ್ತಿತ್ತು. ಇನ್ನೊಂದು ಅಳತೆಯ ಟೇಪು. ಅದರ ಹಳದಿ ಬಣ್ಣ ಹೋಗಿ ಅಂಕಿಗಳು ಅರ್ಧಕ್ಕರ್ಧ ಅಳಿಸಿದ್ದವು. ಹಣೆಯ ಮೇಲೆ ಗೋಪಿಚಂದನದ ಎರಡು ಗೆರೆ, ನಡುವೆ ಬುಕ್ಕಾದ ಕಪ್ಪು ಬೊಟ್ಟು. ಅಂಗಿ, ಧೋತರ, ಟೊಪ್ಪಿಗೆ ಎಲ್ಲವೂ ಬಿಳಿ. ದಿನವಿಡೀ ಕೈಯಾಡುತ್ತಿದ್ದದ್ದು ಮಾತ್ರ ಕರಿ ಬಟ್ಟೆಯ ಮೇಲೆ. ಸಂಜೆಯ ಹೊತ್ತಿಗೆ ಆ ಬಿಳಿಯ ಮೇಲೆಲ್ಲ ಕರಿ ನೂಲಿನ ಎಳೆಗಳು ಕೂತಿರುತ್ತಿದ್ದವು. ಅಂಗಡಿ ಮುಚ್ಚುವ ಮುನ್ನ ಅವನ್ನು ಒಂದೊಂದಾಗಿ ಆರಿಸಿ, ಕಿಟಕಿಯ ಹತ್ತಿರ ಹೋಗಿ ಬಾಯಿಂದ ಊದಿ ಹಾರಿಸುತ್ತಿದ್ದರು.

ಅವರ ಅಂಗಡಿ ಬೆಳಗಾವಿಯ ರವಿವಾರ ಪೇಟೆಯಲ್ಲಿ, ಒಣಮೆಣಸಿನಕಾಯಿಯ ಸಗಟು ಮಳಿಗೆಯ ಮೇಲೆ. ಕಡಿದಾದ ಮರದ ಮೆಟ್ಟಿಲು ಹತ್ತಿ ಮೇಲೆ ಹೋಗುವಷ್ಟರಲ್ಲಿ ಹೊಸಬರು ಸೀನಿ ಸೀನಿ ಕಣ್ಣಲ್ಲಿ ನೀರು ತಂದುಕೊಂಡಿರುತ್ತಿದ್ದರು. ಮಾಸ್ತರರಿಗೆ ಆ ಘಾಟು ತಟ್ಟುತ್ತಲೇ ಇರಲಿಲ್ಲ. "ಛಲೋನ ಆತ್ರಿ, ಖಾರಾ ಕುಡದ ಬಟ್ಟಿಗೆ ನುಸಿ ಹತ್ತಂಗಿಲ್ಲ" ಎನ್ನುತ್ತಿದ್ದರು. ಅವರು ಹೊಲಿಯುತ್ತಿದ್ದದ್ದು ಎರಡೇ ಬಗೆಯ ಬಟ್ಟೆ, ವಕೀಲರ ಕರಿಕೋಟು ಮತ್ತು ಗೌನು. ಅವರ ತಂದೆಯೂ ಅದನ್ನೇ ಹೊಲಿದವರು. ಬೈಲಹೊಂಗಲದಿಂದ, ಗೋಕಾಕದಿಂದ, ನಮ್ಮ ಖಾನಾಪುರದಿಂದ ವಕೀಲರು ಅಲ್ಲಿಗೇ ಬರುತ್ತಿದ್ದರು. ಬೆಳಗಾವಿಯ ಕೋರ್ಟಿನಲ್ಲಿ ಒಬ್ಬ ವಕೀಲನ ಬೆನ್ನು ನೋಡಿಯೇ, ಇದು ಮಾಸ್ತರರ ಕೈ, ಇದು ಅಲ್ಲ ಎಂದು ಹೇಳುವವರಿದ್ದರು. ಅವರ ಕೋಟಿನ ಹೆಗಲು ಹಾಗೆ ಕೂಡುತ್ತಿತ್ತು.

ಕಾನೂನು ಓದು ಮುಗಿಸಿ ವಕೀಲಿಗೆ ಸೇರಿದಾಗ ನನ್ನ ಸೀನಿಯರ್ ಕೂಡ ಅಲ್ಲಿಗೇ ಹೋಗು ಎಂದರು. ನಾನು ಹೆಣ್ಣುಮಗಳು ಎಂಬುದು ಆ ಗಳಿಗೆಯಲ್ಲಿ ಅವರಿಗೆ ಮರೆತಿತ್ತು. ನನಗೂ ಅದು ಅಡ್ಡಿಯಾದೀತು ಎಂದು ಹೊಳೆದಿರಲಿಲ್ಲ.

ಮೆಟ್ಟಿಲು ಹತ್ತಿ, ಸೀನಿ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಿಂತೆ. ಮಾಸ್ತರರು ಕೈಮುಗಿದರು. ಅವರ ದೃಷ್ಟಿ ನನ್ನ ಪಾದಗಳನ್ನು ಬಿಟ್ಟು ಮೇಲೇರಲಿಲ್ಲ.

"ರಾಮಕೃಷ್ಣ ಹರಿ. ಬರ್ರಿ ತಾಯಿ, ಕುಂದರ್ರಿ. ಯಾರ ಕೋಟ ಒಯ್ಯಾಕ ಬಂದೀರಿ?"

"ನನ್ನ ಕೋಟ ಹೊಲಸಾಕ ಬಂದೀನ್ರಿ ಮಾಸ್ತರ್ರ."

ತುಳಿಯುತ್ತಿದ್ದ ಹೊಲಿಗೆಯಂತ್ರ ನಿಂತಿತು. ಅವರು ಎದ್ದು ಮಡಕೆಯಿಂದ ಒಂದು ತಂಬಿಗೆ ನೀರು, ಕೈಯಲ್ಲೊಂದು ಬೆಲ್ಲದ ತುಂಡು ತಂದು ನನ್ನ ಮುಂದಿನ ಸ್ಟೂಲಿನ ಮೇಲಿಟ್ಟರು.

"ಹೆಣ್ಮಕ್ಕಳ ಬಟ್ಟಿ ನಾ ಹೊಲಿಯಂಗಿಲ್ಲ ತಾಯಿ. ಪಂಢರಪುರದಾಗ ಮಾಲಿ ಹಾಕ್ಕೊಂಡೀನಿ. ಪರಸ್ತ್ರೀ ಮೈಗೆ ಟೇಪ ಹಚ್ಚಬಾರದು ಅಂತ ವ್ರತ ಐತಿ. ತಪ್ಪ ತಿಳೀಬ್ಯಾಡ್ರಿ. ಬಿಸಲಾಗ ಬಂದೀರಿ, ನೀರರೆ ಕುಡೀರಿ."

ಸಿಟ್ಟು ಬರುವುದಕ್ಕೂ ಆಸ್ಪದವಿಲ್ಲದಂಥ ಮರ್ಯಾದೆ. ಬೆಲ್ಲ ಚೀಪುತ್ತ ಮೆಟ್ಟಿಲಿಳಿದು ಬಂದೆ. ಸಿಟ್ಟು ಆಮೇಲೆ ಬಂತು.

ಪಕ್ಕದ ಓಣಿಯಲ್ಲಿ ಕುಪ್ಪಸ ಹೊಲಿಯುವ ಒಬ್ಬಾಕೆ ನನಗೊಂದು ಕರಿಕೋಟು ಹೊಲಿದುಕೊಟ್ಟಳು. ಪಾಪ, ಅವಳು ತನಗೆ ಗೊತ್ತಿದ್ದುದನ್ನೇ ಹೊಲಿದಿದ್ದಳು. ಅದು ಕಾಲರಿದ್ದ ಕುಪ್ಪಸ. ನ್ಯಾಯಾಧೀಶರ ಮುಂದೆ ಕೈ ಎತ್ತಿ ಮಾತನಾಡಿದರೆ ಇಡೀ ಕೋಟು ಸೊಂಟದಿಂದ ಮೇಲೆ ಸರಿಯುತ್ತಿತ್ತು. ಹೆಗಲು ಜೋತುಬಿದ್ದು ಸಾಲೆಯ ನಾಟಕದಲ್ಲಿ ಅಣ್ಣನ ಕೋಟು ಹಾಕಿಕೊಂಡ ಹುಡುಗಿಯಂತೆ ಕಾಣುತ್ತಿದ್ದೆ. ಕಿಸೆಯೇ ಇರಲಿಲ್ಲ. ನನ್ನ ಮೊದಲ ಕಕ್ಷಿದಾರರು ಖಾನಾಪುರ ಕಡೆಯ ಒಬ್ಬ ವಯಸ್ಸಾದ ರೈತರು. ಹೊಲದ ಗಡಿಯ ಬಾಂದಿನ ತಕರಾರು. ಕೋರ್ಟಿನ ಮೊಗಸಾಲೆಯಲ್ಲಿ ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ವಕೀಲರು ಯಾವಾಗ ಬರ್ತಾರವಾ?" ಎಂದು ಕೇಳಿದರು. ನಾನೇ ಎಂದೆ. ಅವರು ನಂಬಲಿಲ್ಲ ಎಂದಲ್ಲ, ನಂಬಿದರು, ಮುಂದಿನ ತಾರೀಖಿನ ಹೊತ್ತಿಗೆ ಕಾಗದಗಳನ್ನು ವಾಪಸು ಕೇಳಿದರು. ಅವರು ಹೋದದ್ದು ಮಾಸ್ತರರ ಕೋಟು ಹಾಕಿದ ಒಬ್ಬ ವಕೀಲರ ಕಡೆಗೆ.

ನನ್ನ ಜೊತೆಗೇ ವಕೀಲಿ ಆರಂಭಿಸಿದ ಗೆಳತಿಯೊಬ್ಬಳಿದ್ದಳು, ಬೆಳಗಾವಿಯದೇ ಸದಾಶಿವನಗರದವಳು. ಅವಳ ತಂದೆಯೂ ವಕೀಲರು, ಅವರ ಕೋಟುಗಳೆಲ್ಲ ಮಾಸ್ತರರವೇ. ಅವಳನ್ನೂ ಮಾಸ್ತರರು ನೀರು, ಬೆಲ್ಲ ಕೊಟ್ಟು ವಾಪಸು ಕಳಿಸಿದ್ದರು. ಆದರೆ ಅವಳು ಬೆಲ್ಲ ಮುಟ್ಟಿರಲಿಲ್ಲ.

"ಅಂಗಡಿ ಅಂದಮ್ಯಾಲೆ ಅದು ಎಲ್ಲಾರಿಗೂ ಅಂಗಡಿ" ಎಂದಳು. "ಸಂವಿಧಾನದಾಗ ಸ್ವಚ್ಛ ಬರದದ. ಜಾತಿ, ಧರ್ಮ, ಹೆಣ್ಣು ಗಂಡು ಅಂತ ಹೇಳಿ ಯಾರನ್ನೂ ಅಂಗಡಿಯಿಂದ ಹೊರಗ ಇಡೂಹಂಗಿಲ್ಲ. ನಾಳೆ ಇನ್ನೊಬ್ಬಾಂವ ಬಂದು, ಆ ಜಾತಿಯವರ ಮೈಗೆ ಟೇಪ್ ಹಚ್ಚೂದಿಲ್ಲ, ಅದು ನನ್ನ ವ್ರತ ಅಂತಾನ. ಅವಾಗ ಏನ್ ಅಂತೀ?"

ಇಬ್ಬರೂ ಸಹಿ ಮಾಡಿ ಮಾಸ್ತರರಿಗೆ ನೋಟೀಸು ಕಳಿಸಿದೆವು. ಹೆಂಗಸರಿಗೂ ಕೋಟು ಹೊಲಿದುಕೊಡಬೇಕು, ಇಲ್ಲದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂದು.

ಸುದ್ದಿ ಕೋರ್ಟಿನ ಕ್ಯಾಂಟೀನಿಗೆ ಬರಲು ತಡವಾಗಲಿಲ್ಲ. ಅಲ್ಲಿ ಒಬ್ಬ ಹಿರಿಯ ವಕೀಲರಿದ್ದರು, ದೊಡ್ಡ ದನಿಯವರು, ಅವರ ಸುತ್ತ ಯಾವಾಗಲೂ ನಾಲ್ಕಾರು ಜನ. ಚಹದ ಕಪ್ಪು ಟೇಬಲ್ಲಿನ ಮೇಲೆ ಕುಕ್ಕಿ ಅವರು ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಇದು ಬರೇ ಕೋಟಿನ ಮಾತಲ್ಲ, ಧರ್ಮದ ಮ್ಯಾಲ ಕೈ ಹಾಕ್ಯಾರ. ಮಾಸ್ತರ ಪರವಾಗಿ ನಾ ನಿಂದರ್ತೀನಿ. ದಿಲ್ಲಿ ಮಟಾ ಒಯ್ಯೋಣು. ಮೊದಲ ಒಂದು ಮೆರವಣಿಗಿ ತಗೀರಿ, ನೋಡೂಣು ಯಾರ ಬರ್ತಾರ ಅಡ್ಡ."

ಮರುದಿನ ಮಧ್ಯಾಹ್ನ ಮಾಸ್ತರರು ತಾವೇ ಕೋರ್ಟಿಗೆ ಬಂದರು. ಆ ಆವರಣದಲ್ಲಿ ಓಡಾಡುತ್ತಿದ್ದ ಕೋಟುಗಳಲ್ಲಿ ಹೆಚ್ಚಿನವು ಅವರು ಹೊಲಿದವು. ಆದರೆ ಅವರು ಅಲ್ಲಿಗೆ ಕಾಲಿಟ್ಟದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಕ್ಯಾಂಟೀನಿನ ಬಾಗಿಲಲ್ಲಿ ನಿಂತರು. ಹಿರಿಯ ವಕೀಲರು ಎದ್ದು ಹೋಗಿ ಅವರ ಹೆಗಲ ಮೇಲೆ ಕೈ ಹಾಕಿ, "ಹೆದರಬ್ಯಾಡ್ರಿ ಮಾಸ್ತರ, ನಾವೆಲ್ಲಾರೂ ಅದೀವಿ" ಎಂದರು.

ಮಾಸ್ತರರು ಆ ಕೈಯನ್ನು ಮೆಲ್ಲಗೆ ಇಳಿಸಿದರು. "ನಿಮ್ಮ ಉಪಕಾರ ದೊಡ್ಡದ ಐತ್ರಿ ಸಾಹೇಬ್ರ. ಆದ್ರ ನನ್ನ ವ್ರತಾ ನನ್ನ ಕೊಳ್ಳಾಗಿನದು. ಅದನ್ನ ತಗೊಂಡು ನೀವು ಮೆರವಣಿಗಿ ಮಾಡಬ್ಯಾಡ್ರಿ." ಆಮೇಲೆ ನಾನು, ಗೆಳತಿ ಕೂತಿದ್ದ ಕಡೆ ತಿರುಗಿ ನೆಲ ನೋಡುತ್ತ ಹೇಳಿದರು: "ವಕೀಲಬಾಯಾರ, ನೋಟೀಸ ಬಂದು ಮುಟ್ಟೇತಿ. ಸಂಜಿಮುಂದ ಇಬ್ಬರೂ ಅಂಗಡಿಗೆ ಬರ್ರಿ. ಮಾತಾಡೂಣು."

ಆ ಸಂಜೆ ಅಂಗಡಿಯಲ್ಲಿ ಅವರ ಹೆಂಡತಿಯೂ ಇದ್ದರು. ಅನಗೋಳದ ಮನೆಯಿಂದ ಕರೆಸಿಕೊಂಡಿದ್ದರು. ಹಸಿರು ಇಳಕಲ್ ಸೀರೆ, ಕೈತುಂಬ ಬಳೆ, ಮೂಗಿನಲ್ಲಿ ನತ್ತು. ಮಾತಿಗಿಂತ ಮುಂಚೆ ನಗು ಬರುವ ಮುಖ. ಗೆಳತಿ ಮತ್ತು ನಾನು ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆದೆವು, ಕೊನೆಯವರೆಗೂ ಹಾಗೇ ಕರೆದೆವು.

ಮಾಸ್ತರರು ಯಂತ್ರದ ಮುಂದೆ ಕೂತು, ನಮ್ಮ ಕಡೆ ಅರ್ಧ ಬೆನ್ನು ಮಾಡಿ, ತಾವು ವ್ರತ ಹಿಡಿದ ಕಥೆ ಹೇಳಿದರು.

ಹದಿಹರೆಯದಲ್ಲಿ ತಂದೆ ಅವರನ್ನು ಕೆಲಸ ಕಲಿಯಲು ಪುಣೆಗೆ ಕಳಿಸಿದ್ದರು. ಅಲ್ಲಿನ ಉಸ್ತಾದ ಗಂಡಸರ ಬಟ್ಟೆಯನ್ನೂ ಹೊಲಿಯುತ್ತಿದ್ದ, ಹೆಂಗಸರದನ್ನೂ ಹೊಲಿಯುತ್ತಿದ್ದ. ಮಹಾ ಕೆಲಸಗಾರ. ಒಂದು ದಿನ ಮದುವೆ ನಿಶ್ಚಯವಾದ ಒಬ್ಬ ಹುಡುಗಿ ಅಳತೆ ಕೊಡಲು ಬಂದಳು. ತಾಯಿ ಹೊರಗೆ ಬಟ್ಟೆ ಆರಿಸುತ್ತಿದ್ದಳು. ಒಳಗೆ ಉಸ್ತಾದನ ಕೈ ಟೇಪಿನ ಜೊತೆ ಹೋಗಬಾರದ ಕಡೆಗೆಲ್ಲ ಹೋಯಿತು.

"ಆ ಹುಡಿಗಿ ಬಾಯಿ ತಗೀಲಿಲ್ಲ. ನನ್ನ ಕಡೆ ನೋಡಿತು. ಅಳತಿ ಬರಕೊಳ್ಳಾಕ ನಾ ಅಲ್ಲೇ ನಿಂತಿದ್ದೆ. ನೋಡ್ರಿ, ಇವತ್ತಿಗೂ ಆ ಕಣ್ಣು ಕಾಣ್ತಾವ. ನಾ ಏನೂ ಅನಲಿಲ್ಲ. ಅವತ್ತ ಕೆಲಸಾ ಬಿಟ್ಟೆ. ಆ ವರ್ಷನ ದಿಂಡಿ ಮಂದಿ ಜೋಡಿ ಪಂಢರಪುರಕ್ಕ ನಡಕೊಂತ ಹೋದೆ. ಮಾಲಿ ಹಾಕುವಾಗ ಹಿರಿಯಾರು ಹೇಳಿದ್ರು, ಮಾಂಸ ಬಿಡು, ಸೆರೆ ಬಿಡು, ಏಕಾದಶಿ ಹಿಡಿ, ಪರಸ್ತ್ರೀ ತಾಯಿ ಸಮಾನ ಅಂತ ತಿಳಿ. ಎಲ್ಲಾರಿಗೂ ಹೇಳೂವಂಥವ. ಟೇಪ ಹಚ್ಚಂಗಿಲ್ಲ ಅನ್ನೂದು ಮಾತ್ರ ನಾನ ಕೂಡಿಸಿದ್ದು. ವಿಠ್ಠಲನ ಪಾದಾ ಹಿಡದು ಕೂಡಿಸಿದ್ದು."

ಕೆಳಗೆ ಹಮಾಲರು ಮೆಣಸಿನಕಾಯಿ ಚೀಲಗಳನ್ನು ದೊಪ್ಪನೆ ಇಳಿಸುತ್ತಿದ್ದರು. ಗೆಳತಿ ಕೇಳಿದಳು. ದನಿಯಲ್ಲಿ ಹಿಂದಿನ ಖಡಕ್ಕು ಇರಲಿಲ್ಲ.

"ಮಾಸ್ತರ್ರ, ತಪ್ಪು ಮಾಡಿದಾಂವ ಆ ಉಸ್ತಾದ. ಶಿಕ್ಷಾ ನಮಗ್ಯಾಕ?"

ಮಾಸ್ತರರು ತುಳಸಿಮಣಿಯೊಂದನ್ನು ಬೆರಳಲ್ಲಿ ಹಿಡಿದರು. "ಈ ಮಾತು ನನಗ ಯಾರೂ ಕೇಳಿರಲಿಲ್ಲ" ಎಂದರು.

ಆಮೇಲೆ ಅವರೇ ಒಂದು ದಾರಿ ಸೂಚಿಸಿದರು. ಹೆಂಗಸರು ಅನಗೋಳದ ಮನೆಗೆ ಹೋಗಲಿ, ಹೆಂಡತಿ ಅಡುಗೆಮನೆಯಲ್ಲಿ ಅಳತೆ ತೆಗೆದುಕೊಳ್ಳುತ್ತಾಳೆ, ತಾನಿಲ್ಲಿ ಹೊಲಿಯುತ್ತೇನೆ ಎಂದು. ಗೆಳತಿ ತಲೆ ಅಲ್ಲಾಡಿಸಿದಳು. ಗಂಡಸರು ಪೇಟೆಯ ಮೆಟ್ಟಿಲು ಹತ್ತಿ ಬರುವುದು, ಹೆಂಗಸರು ಓಣಿ ಸುತ್ತಿ ಹಿತ್ತಲಿಗೆ ಹೋಗುವುದು, ಅದೂ ಬೇರೆ ಸಾಲಿನಲ್ಲಿ ನಿಲ್ಲಿಸಿದಂತೆಯೇ ಎಂಬುದು ಅವಳ ವಾದ.

ಮಾವಶಿ ಆಗ ನಕ್ಕರು.

"ಅಕಿ ಹೇಳೂದು ಖರೇ ಐತಿ. ನಾ ಅಂಗಡಿಗೇ ಬರ್ತೀನಿ. ಮದಿವಿ ಆದಾಗಿಂದ ಈ ಕೋಟಿಗೆಲ್ಲಾ ಕಾಜಾ ಹೊಲದಾಕಿ ನಾನ. ಬೆಳಗಾವಿ ವಕೀಲರು ಗುಂಡಿ ಹಾಕ್ಕೊಂತಾರಲ್ಲ, ಆ ತೂತು ಎಲ್ಲಾ ನಂದ. ಆದ್ರ ಈ ಅಂಗಡಿ ಮೆಟ್ಟಲಾ ಹತ್ತಿದ್ದು ಇವತ್ತ ಮೊದಲ." ಗಂಡನ ಕಡೆ ತಿರುಗಿ, "ನಿಮ್ಮ ವ್ರತಾ ನೀವು ಹಿಡೀರಿ. ಟೇಪ ನನ್ನ ಕೈಯಾಗ ಕೊಡ್ರಿ" ಎಂದರು.

ಮಾಸ್ತರರು ನನ್ನನ್ನು ಕೇಳಿದರು, ಕಾಯ್ದೆ ಏನು ಹೇಳುತ್ತದೆ ಎಂದು. ನನಗೆ ತಿಳಿದಷ್ಟನ್ನು ಹೇಳಿದೆ. ಧರ್ಮದ ಸ್ವಾತಂತ್ರ್ಯವನ್ನು ಕೊಡುವ ಕಲಮೇ, ಅದು ಉಳಿದ ಹಕ್ಕುಗಳಿಗೆ ಒಳಪಟ್ಟದ್ದು ಎಂದು ಆರಂಭವಾಗುತ್ತದೆ. "ನಿಮ್ಮ ಕೈಲೆ ನನ್ನ ಮುಟ್ಟರಿ ಅಂತ ಕಾಯ್ದೆ ಹೇಳಂಗಿಲ್ರಿ ಮಾಸ್ತರ್ರ. ಕೋಟ ಇಲ್ಲ ಅಂತ ನನ್ನ ಹೊಳ್ಳಿ ಕಳಸಬ್ಯಾಡ್ರಿ ಅಂತ ಹೇಳ್ತೈತಿ."

ಅವರು ಕೊರಳಿನಿಂದ ಟೇಪು ತೆಗೆದು ಹೆಂಡತಿಗೆ ಕೊಟ್ಟರು. ತಾವು ಸ್ಟೂಲು ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತರು. ಮಾವಶಿ ನನ್ನನ್ನು ನಿಲ್ಲಿಸಿಕೊಂಡು ಅಳೆದು ಕೂಗಿ ಹೇಳುವುದು, ಅವರು ಗೋಡೆಯ ಕಡೆಯಿಂದಲೇ ಕೇಳುವುದು. "ಹೆಗಲ ಇಳಕಲ ಐತೇನು? ಎಡಕೋ ಬಲಕೋ? ಬೆನ್ನು ನೆಟ್ಟಗೈತೋ, ಬಗ್ಗೇತೋ?" "ಬಗ್ಗೇತಿ, ಓದಿ ಓದಿ" ಎಂದು ಮಾವಶಿ ನನ್ನ ಬೆನ್ನಿಗೊಂದು ಗುದ್ದಿದರು. "ನೆಟ್ಟಗ ನಿಂದ್ರ ಹುಡಿಗಿ, ವಕೀಲ ಆಗೀದಿ."

ಆ ಮೊದಲ ಕೋಟು ಕೆಟ್ಟಿತು. ಮಾವಶಿಗೆ ಬಿಗಿ ಹಿಡಿದು ಅಳೆಯುವ ರೂಢಿ ಇರಲಿಲ್ಲ. ಮಾಸ್ತರರು ಗಂಡಸರ ಕೋಟಿನ ಕಟಿಂಗನ್ನೇ ಕಿರಿದು ಮಾಡಿ ಕತ್ತರಿಸಿದ್ದರು. ಟ್ರಾಯಲ್‌ಗೆಂದು ಹಾಕಿಕೊಂಡರೆ ಕೈ ಮುಂದೆ ಚಾಚಲು ಬರುತ್ತಿರಲಿಲ್ಲ. ನಾನು ಇರಲಿ ಬಿಡ್ರಿ ಎಂದೆ. ಮಾಸ್ತರರು ಕೇಳಲಿಲ್ಲ. "ಹೊಲಗಿ ಬಿಚ್ಚಾಕ ನಾಚಬಾರದು. ಬಿಚ್ಚಾಕ ನಾಚಿದಾಂವ ಹೊಲಿಯೂದು ಕಲಿಯಂಗಿಲ್ಲ" ಎಂದು ಅಷ್ಟೂ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿಹಾಕಿದರು. ಇದು ಅವರು ಆಗಾಗ ಹೇಳುತ್ತಿದ್ದ ಮಾತೇ.

ಮಳೆಗಾಲ ಕಳೆಯುವಷ್ಟರಲ್ಲಿ ಅವರಿಬ್ಬರಿಗೂ ಅದು ಕೈಹತ್ತಿತ್ತು. ನನಗೆ ಕೊನೆಗೆ ಬಂದ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಯಾರೋ ಹಿಂದಿನಿಂದ ನನ್ನ ಹೆಗಲು ಹಿಡಿದು ನಿಲ್ಲಿಸಿದ ಹಾಗಿತ್ತು. ಒಳಗೆ ಎರಡು ಕಿಸೆ. ಮಾವಶಿಯ ಹಟದಿಂದ ಬಂದವು. "ಇಟಗೊಳ್ಳೂದು ಗಂಡಸರಿಗಷ್ಟ ಇರತೈತೇನು?" ಎಂದಿದ್ದರಂತೆ. ಆ ಕೋಟು ಹಾಕಿಕೊಂಡ ಮೇಲೆ ನಾನು ದೊಡ್ಡ ವಕೀಲಳಾದೆ ಎಂದು ಸುಳ್ಳು ಹೇಳುವುದಿಲ್ಲ. ವಕೀಲರು ಯಾವಾಗ ಬರುತ್ತಾರೆ ಎಂದು ಮಾತ್ರ ಮತ್ತೆ ಯಾರೂ ಕೇಳಲಿಲ್ಲ.

ಇದಕ್ಕಾಗಿ ಮಾಸ್ತರರು ತೆತ್ತದ್ದು ನಮಗೆ ನಿಧಾನವಾಗಿ ಗೊತ್ತಾಯಿತು. ಹಿರಿಯ ವಕೀಲರು ಮುನಿಸಿಕೊಂಡರು. "ಹೆಂಗಸರ ನೋಟೀಸಿಗೆ ಹೆದರಿ ವ್ರತಾ ಮಾರಕೊಂಡಾಂವ" ಎಂದು ಕ್ಯಾಂಟೀನಿನಲ್ಲಿ ಆಡಿಕೊಂಡರು. ತಾವು ರವಿವಾರ ಪೇಟೆಗೆ ಹೋಗುವುದನ್ನು ಬಿಟ್ಟರು, ಅವರ ಜೂನಿಯರುಗಳೂ ಬಿಟ್ಟರು. ಒಂದಷ್ಟು ಕಾಲ ಆ ಮೆಟ್ಟಿಲ ಮೇಲೆ ಗಂಡಸರ ಸೀನು ಕೇಳಿಸುವುದೇ ಅಪರೂಪವಾಗಿತ್ತು.

ಅದಕ್ಕಿಂತ ನೋವಿನದು ಖಾನಾಪುರದಲ್ಲಿ ಆಯಿತು. ಮಾಸ್ತರರ ಹಿರಿಯರು ಖಾನಾಪುರ ತಾಲೂಕಿನವರು. ಪ್ರತಿ ಏಕಾದಶಿಗೆ ಅಂಗಡಿ ಮುಚ್ಚಿ, ಮುಂಜಾನೆಯ ಬಸ್ಸಿಗೆ ಅಲ್ಲಿನ ವಿಠ್ಠಲ ಮಂದಿರಕ್ಕೆ ಹೋಗುತ್ತಿದ್ದರು. ಭಜನೆಯ ಹೊತ್ತಿನಲ್ಲಿ ವೀಣೆ ಹಿಡಿದು ನಡುವೆ ನಿಲ್ಲುವ ಮಾನ ಅವರದು. ಆ ವೀಣೆಯನ್ನು ಎಲ್ಲರ ಕೈಗೂ ಕೊಡುವುದಿಲ್ಲ, ನೇಮ ನಿಷ್ಠೆ ಇದ್ದವರಿಗೇ ಕೊಡುತ್ತಾರೆ. ಒಂದು ಏಕಾದಶಿಗೆ ನಾನೂ ಅಮ್ಮನೊಂದಿಗೆ ಅಲ್ಲಿದ್ದೆ. ಮಾಸ್ತರರು ಕೈಕಾಲು ತೊಳೆದು ಬಂದು ವೀಣೆಗೆ ಕೈಚಾಚಿದರು. ಭಜನಾ ಮಂಡಳಿಯ ಹಿರಿಯರು ಅದನ್ನು ಬೇರೆಯವರ ಕೈಗಿತ್ತು, ಮರಾಠಿಯಲ್ಲಿ ಮೆಲ್ಲಗೆ ಏನೋ ಅಂದರು. ನಿಮ್ಮ ವ್ರತ ಸಡಿಲಾಗಿದೆ ಎಂದದ್ದು ಅಷ್ಟು ದೂರ ಕೂತಿದ್ದ ನನಗೂ ತಿಳಿಯಿತು.

ಮಾಸ್ತರರು ಗೂಟಕ್ಕೆ ನೇತುಹಾಕಿದ್ದ ತಾಳಗಳನ್ನು ತೆಗೆದುಕೊಂಡು ಕಟ್ಟಕಡೆಯ ಸಾಲಿಗೆ ಹೋಗಿ ನಿಂತರು. ಭಜನೆ ಮುಗಿಯುವವರೆಗೂ ಅವರ ದನಿ ಒಮ್ಮೆಯೂ ಇಳಿಯಲಿಲ್ಲ. ನನ್ನ ಅಮ್ಮ, ಸೆರಗು ಬಾಯಿಗೆ ಒತ್ತಿಕೊಂಡು, "ನಿನ್ನ ಕೋಟಿನ ಸಲುವಾಗಿ ನೋಡು" ಎಂದಳು. ಬೈಗುಳವೋ ಹೆಮ್ಮೆಯೋ ಗೊತ್ತಾಗಲಿಲ್ಲ.

ವಾಪಸು ಬರುವಾಗ ಒಂದೇ ಬಸ್ಸು. ನಡುವಿನ ದಾರಿಯ ಆಚೆ ಅವರು, ಈಚೆ ನಾನು. ದೇಸೂರು ದಾಟುವವರೆಗೆ ತಡೆದುಕೊಂಡಿದ್ದು ಆಮೇಲೆ ಕೇಳಿಯೇಬಿಟ್ಟೆ.

"ಮಾಸ್ತರ್ರ, ನಾ ಅವರ ಜೋಡಿ ಮಾತಾಡ್ಲೇನ್ರಿ? ಇದು ಅನ್ಯಾಯ."

"ಬ್ಯಾಡ ತಾಯಿ. ಎಲ್ಲಾದಕ್ಕೂ ನೋಟೀಸ ಹಾಕಬಾರದು." ಕಿಟಕಿಯಾಚೆ ನೋಡುತ್ತ ಹೇಳಿದರು: "ಅಂಗಡಿ ಬಾಗಲಾ ಬ್ಯಾರೆ. ಅದು ತಗದ ಮ್ಯಾಲ ಎಲ್ಲಾರಿಗೂ ತಗದಿರಬೇಕು, ನೀವು ಹೇಳಿದ್ದು ನನಗ ಖರೇ ಅನಸೇತಿ. ಆದ್ರ ಮಂದಿರದಾಗ ನಾ ಗಿರಾಕಿ ಅಲ್ಲ. ವೀಣಾ ಯಾರ ಕೈಯಾಗ ಕೊಡಬೇಕು ಅನ್ನೂದು ಅವರ ಮನಸ್ಸಿಗೆ ಬಿಟ್ಟದ್ದು. ವಿಠ್ಠಲಗ ತಾಳದ ಸಪ್ಪಳಾನೂ ಕೇಳಸತೈತಿ."

ಅವರ ಕಣ್ಣುಗಳು ಒದ್ದೆಯಾಗಿದ್ದವು. ಅವರು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಡಲೂ ಇಲ್ಲ.

ನನ್ನ ಗೆಳತಿಗೆ ಇದರಲ್ಲಿ ಕೊನೆಯವರೆಗೂ ಪೂರ್ತಿ ಸಮಾಧಾನವಾಗಲಿಲ್ಲ. ಅವಳೂ ಅಲ್ಲೇ ಕೋಟು ಹೊಲಿಸಿಕೊಂಡಳು, ಮಾವಶಿಯ ಜೊತೆ ಗಂಟೆಗಟ್ಟಲೆ ಹರಟಿದಳು. ಆದರೆ, "ನನ್ನ ಎದುರಿಗೆ ಒಬ್ಬ ಮನುಷ್ಯ ಗೋಡೆ ಕಡೆ ಮುಖ ಮಾಡಿ ಕೂಡ್ತಾನಂದ್ರ ಅದು ನನಗ ಅವಮಾನನ" ಎನ್ನುವುದನ್ನು ಬಿಡಲಿಲ್ಲ. ಒಮ್ಮೆ, ಮಾಸ್ತರರೇ ಅಳತೆ ತೆಗೆಯಬೇಕು, ಇಲ್ಲದಿದ್ದರೆ ಅದು ಸಮಾನ ಸೇವೆಯಲ್ಲ ಎಂದು ಇನ್ನೊಂದು ನೋಟೀಸಿಗೂ ಸಿದ್ಧಳಾಗಿದ್ದಳು. ಆಗ ಅವಳ ಎದುರು ಮಾಸ್ತರರ ಪರವಾಗಿ ವಾದಿಸಿದವಳು ನಾನು. ಅದೇ ಮೆಟ್ಟಿಲು, ಅದೇ ಬಟ್ಟೆ, ಅದೇ ದರ, ಅದೇ ಹೊಲಿಗೆ. ಅದಕ್ಕಿಂತ ಹೆಚ್ಚಿನದನ್ನು, ಒಬ್ಬರ ಕೈಯನ್ನೇ, ಕಾಯ್ದೆಯ ಹೆಸರಿನಲ್ಲಿ ಎಳೆದುಕೊಳ್ಳಬಾರದು ಎಂದೆ. ಜಗಳವಾಯಿತು, ಕೆಲವು ದಿನ ಮಾತು ಬಿಟ್ಟೆವು. ಅವಳ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾನು ಇಂದಿಗೂ ಹೇಳಲಾರೆ. ನೋಟೀಸು ಮಾತ್ರ ಹೋಗಲಿಲ್ಲ.

ಕಳೆದ ವರ್ಷ ಮಾಸ್ತರರಿಗೆ ಲಕ್ವಾ ಹೊಡೆಯಿತು. ಕತ್ತರಿ ಹಿಡಿಯುವ ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಆಸ್ಪತ್ರೆಗೆ ಮಧ್ಯಾಹ್ನ ನಾನು ಹೋದಾಗ ಮಾವಶಿ ಹಾಸಿಗೆಯ ಪಕ್ಕ ನಿಂತಿದ್ದರು. ಮಾಸ್ತರರ ಮೈ ಒರೆಸಿ ಮಗ್ಗುಲು ಹೊರಳಿಸಲು ಒಬ್ಬ ನರ್ಸ್ ಬಂದಳು. ಚಿಕ್ಕ ವಯಸ್ಸಿನ ಹುಡುಗಿ. ಕೊರಳ ಮಾಲೆಯ ವಿಷಯ ಮಾವಶಿ ಅವಳಿಗೆ ಮೊದಲೇ ಹೇಳಿದ್ದರೆಂದು ಕಾಣುತ್ತದೆ. ಅವಳು ಮುಟ್ಟದೆ ನಿಂತು ಕೇಳಿದಳು.

"ಅಜ್ಜಾರ, ಗಂಡಸರನ್ನ ಯಾರನ್ನರೆ ಕರಸಲೇನ್ರಿ? ಬ್ಯಾರೆ ವಾರ್ಡಿನಿಂದ ಬರಬೇಕು, ತಡಾ ಆಗತೈತಿ."

ಮಾಸ್ತರರು ಕಣ್ಣೆತ್ತಿ ಅವಳ ಮುಖವನ್ನೇ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಮನೆಯವರಲ್ಲದ ಹೆಣ್ಣಿನ ಮುಖವನ್ನು ನೇರವಾಗಿ ನೋಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪದಗಳು ಒಂದೊಂದಾಗಿ, ಕಷ್ಟದಿಂದ ಬಂದವು.

"ನನ್ನ ವ್ರತಾ... ನಿನ್ನ ಕೆಲಸಾ ತಡೀಬಾರದವಾ. ನೀ ಮಾಡು."

ಕೈಮುಗಿಯಲು ಒಂದೇ ಕೈ ಉಳಿದಿತ್ತು. ಆ ಎಡಗೈಯನ್ನೇ ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ತುಟಿಯಲ್ಲೇ ಹರಿನಾಮ ಹೇಳಿಕೊಳ್ಳತೊಡಗಿದರು. ಆ ಹುಡುಗಿ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ, ಮಗುವಿಗೆ ಒರೆಸುವಂತೆ ಅವರ ಬೆನ್ನೊರೆಸಿದಳು. ಮಾವಶಿ ಕಿಟಕಿಯ ಕಡೆ ತಿರು‌ಗಿಕೊಂಡರು. ನಾನು ಹೊರಗೆ ಬಂದೆ.

ಹೆಚ್ಚು ದಿನ ಅವರು ಬದುಕಲಿಲ್ಲ. ಅವರ ಇಚ್ಛೆಯಂತೆ ಖಾನಾಪುರಕ್ಕೆ ಒಯ್ದು, ಮಲಪ್ರಭೆಯ ದಂಡೆಯಲ್ಲಿ ದಹನ ಮಾಡಿದರು. ವೀಣೆ ಕೊಡದಿದ್ದ ಆ ಹಿರಿಯರೇ ಮುಂದೆ ನಿಂತು ಭಜನೆ ಹೇಳಿದರು, ನಡುವೆ ದನಿ ಒಡೆದು ನಿಲ್ಲಿಸಿದರು, ಮತ್ತೆ ಹೇಳಿದರು.

ನಾನಿನ್ನೂ ವಕೀಲಳು. ಮನೆ ಬಾಡಿಗೆಗೆ ಕೊಡಲಿಲ್ಲ, ಕಲ್ಯಾಣಮಂಟಪ ಕೊಡಲಿಲ್ಲ, ಕ್ಷೌರದ ಅಂಗಡಿಯಲ್ಲಿ ಕೂಡಿಸಲಿಲ್ಲ ಎಂದು ಅಳುತ್ತ, ಕುದಿಯುತ್ತ ಜನ ನನ್ನ ಕಡೆ ಬರುತ್ತಾರೆ. ಅವರಿಗಾಗಿ ನೋಟೀಸು ಬರೆಯುತ್ತೇನೆ, ಗಟ್ಟಿಯಾಗಿಯೇ ಬರೆಯುತ್ತೇನೆ. ಎದುರಿನವರ ಇಲ್ಲ ಎಂಬುದರ ಹಿಂದೆ ಹೆಚ್ಚಿನ ಸಲ ಸೊಕ್ಕು ಬಿಟ್ಟರೆ ಬೇರೇನೂ ಇರುವುದಿಲ್ಲ. ಆದರೂ ಬರೆಯುವ ಮುನ್ನ ಒಮ್ಮೆ ಅವರ ಮೆಟ್ಟಿಲು ಹತ್ತಿ, ಎದುರು ಕೂತು, ಯಾಕೆ ಎಂದು ಕೇಳಿ ಬರುತ್ತೇನೆ. ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಸೂತಕ ಕಳೆದ ಮೇಲೆ ಮಾವಶಿ ಅಂಗಡಿ ತೆಗೆದರು. ಗೌನು ದುರಸ್ತಿಗೆ ಕೊಡುವ ನೆಪದಲ್ಲಿ, ಅವರನ್ನು ನೋಡಿ ಬರೋಣವೆಂದು ನಾನು ಹೋಗಿದ್ದೆ. ಅವರು ಮಾಸ್ತರರ ಯಂತ್ರದ ಮುಂದೆಯೇ ಕೂತಿದ್ದರು. ಅಷ್ಟರಲ್ಲಿ ಕೆಳಗಿನಿಂದ ಸೀನುವ ಸದ್ದು, ಆಮೇಲೆ ಭಾರವಾದ ಹೆಜ್ಜೆ. ಬಂದವರು ಆ ಹಿರಿಯ ವಕೀಲರು. ಮಾಸ್ತರರ ಫೋಟೋಕ್ಕೆ ಕೈಮುಗಿದರು. ಬರಬೇಕಾದಾಗ ಬರಲಿಲ್ಲ ಎಂಬರ್ಥದ ಏನನ್ನೋ ಗೊಣಗಿದರು. ಮಾವಶಿ ಅವರಿಗೂ ನೀರು, ಬೆಲ್ಲ ಕೊಟ್ಟರು. ವಕೀಲರು ನೀರು ಕುಡಿದರು, ಆದರೂ ಏಳಲಿಲ್ಲ. ಮೈಮೇಲಿನ ಕೋಟನ್ನು ನೋಡಿಕೊಂಡು, ಬೇರೆ ಕಡೆ ಹೊಲಿಸಿದ್ದು ಹೆಗಲಿಗೆ ಕೂಡುತ್ತಿಲ್ಲ ಎಂದರು. ಒಂದು ಹೊಲಿಸಬೇಕಾಗಿತ್ತು, ಆದರೆ ಈಗ ಮಾಸ್ತರರಿಲ್ಲ, ಗಂಡಸರ ಅಳತೆ ಯಾರು ತೆಗೆದುಕೊಳ್ಳುತ್ತಾರೆ ಎಂದು ತಡವರಿಸಿದರು.

ಮಾವಶಿ ಎದ್ದು ನಿಂತರು.

"ವ್ರತಾ ಅವರದಿತ್ರಿ ಸಾಹೇಬ್ರ, ನಂದಲ್ಲ. ಕೈ ಎತ್ತರಿ."